ಮನೆಯೊಳಗಣ ಗುರಿಯಭ್ಯಾಸ

ಮಹಾಭಾರತದ ಆದಿಪರ್ವದಲ್ಲಿ ಒಂದು ಸಣ್ಣ ಪ್ರಸಂಗವುಂಟು. ಅರ್ಜುನನು ಒಂದು ರಾತ್ರಿ ಊಟಕ್ಕೆ ಕುಳಿತಿದ್ದಾಗ ಗಾಳಿ ಬೀಸಿ ದೀಪವು ಆರಿಹೋಯಿತು. ಕತ್ತಲೆಯಲ್ಲಿಯೂ ಆತನ ಕೈ ದಾರಿ ತಪ್ಪದೆ ಬಾಯಿಗೇ ಹೋಗುತ್ತಿದ್ದಿತು. ಇದು ಅಭ್ಯಾಸದ ಬಲವೆಂಬುದನ್ನು ಮನಗಂಡ ಆತನು ಅಂದಿನಿಂದ ರಾತ್ರಿಯ ಕತ್ತಲೆಯಲ್ಲಿಯೂ ಬಿಲ್ಲುವಿದ್ಯೆಯನ್ನು ಸಾಧಿಸತೊಡಗಿದನಂತೆ. ಗುರುವು ರಂಗಸ್ಥಳದಲ್ಲಿ ಹೇಳಿಕೊಡದ ಪಾಠವೊಂದು ಆ ವೀರನಿಗೆ ಊಟದ ಮನೆಯಲ್ಲಿ ದೊರೆಯಿತು. ಗುರಿಯ ವಿದ್ಯೆಯಲ್ಲಿ ಮನೆಯೊಳಗೇ ಕಲಿಯತಕ್ಕ ಭಾಗವು ಬಹಳವಿದೆಯೆಂಬುದು ಅಂದಿಗೆ ಹೇಗೋ ಇಂದಿಗೂ ಹಾಗೆಯೇ ನಿಜ.

ಈ ಮಾತು ಈಗೇಕೆ ಬಂದಿತೆಂದು ವಾಚಕರು ಕೇಳಬಹುದು. 2024ರ ಜುಲೈ ತಿಂಗಳಲ್ಲಿ ಪ್ಯಾರಿಸ್ ನಗರದ ಒಲಿಂಪಿಕ್ ಕೂಟದಲ್ಲಿ ಮನು ಭಾಕರ್ ಅವರು ಏರ್ ಪಿಸ್ತೂಲಿನ ಸ್ಪರ್ಧೆಯಲ್ಲಿ ಕಂಚಿನ ಪದಕವನ್ನು ಗೆದ್ದರು. ಎರಡು ದಿನಗಳ ತರುವಾಯ ಸರಬ್ಜೋತ್ ಸಿಂಗ್ ಅವರೊಡಗೂಡಿ ಮತ್ತೊಂದನ್ನು ಗೆದ್ದರು. ನಮ್ಮ ನಾಡೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ಪ್ರಕಾಶ ನಂಜಪ್ಪನವರು 2014ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ಇದೇ ಸ್ಪರ್ಧೆಯಲ್ಲಿ ಬೆಳ್ಳಿಯನ್ನು ಪಡೆದರು. ಬೆಂಗಳೂರಿನವರೇ ಆದ ಟಿ. ಎಸ್. ದಿವ್ಯಾ ಅವರು 2023ರಲ್ಲಿ ಹಾಂಗ್‌ಝೌ ನಗರದ ಏಷ್ಯನ್ ಕೂಟದಲ್ಲಿ ಸರಬ್ಜೋತ್ ಅವರ ಜೊತೆಗೂಡಿ ಬೆಳ್ಳಿಯನ್ನು ತಂದರು. ಇವನ್ನೆಲ್ಲ ಪತ್ರಿಕೆಗಳಲ್ಲಿ ಓದಿದ, ಪರದೆಯ ಮೇಲೆ ಕಂಡ ಮಕ್ಕಳು ತಮಗೂ ಒಂದು ಪಿಸ್ತೂಲು ಬೇಕೆಂದು ಕೇಳುವುದು ಸಹಜವೇ ಸರಿ. ಹಾಗೆ ಕೇಳಿದ ಮನೆಗಳಲ್ಲಿ ನಮ್ಮ ಮನೆಯೂ ಒಂದು.

ಕೇಳಿದವಳು ನಮ್ಮ ತಮ್ಮನ ಮಗಳು, ಹದಿನೈದು ವರ್ಷದ ಹುಡುಗಿ. ಶಾಲೆಯ ರಜೆಯಲ್ಲಿ ಒಂದು ತಿಂಗಳು ಗುರಿಯ ತರಬೇತಿಗೆ ಹೋಗಿಬಂದಿದ್ದಳು. ನಮ್ಮ ತಾಯಿಯವರು, ಅಂದರೆ ಆಕೆಯ ಅಜ್ಜಿ, ಮನೆಯೊಳಗೆ ಪಿಸ್ತೂಲೆಂಬ ಮಾತನ್ನೇ ಸಹಿಸಲಿಲ್ಲ.

“ಅಜ್ಜಿ, ಇದು ಯಾರನ್ನೂ ಹೊಡೆಯುವುದಕ್ಕಲ್ಲ. ಕಾಗದಕ್ಕೆ ತೂತು ಮಾಡುವುದಕ್ಕೆ ಅಷ್ಟೆ” ಎಂದಳು ಹುಡುಗಿ.

“ಕಾಗದಕ್ಕೆ ತೂತು ಮಾಡಲು ಸೂಜಿ ಸಾಲದೇನೇ?” ಎಂದರು ಅಜ್ಜಿ.

ಈ ಪ್ರಶ್ನೆಗೆ ಉತ್ತರ ಹೇಳಲು ನಮಗೆ ಒಂದು ವರ್ಷ ಹಿಡಿಯಿತು. ಆ ಒಂದು ವರ್ಷದಲ್ಲಿ ನಾವು ಕಲಿತುದನ್ನು, ತಪ್ಪಿದುದನ್ನೂ ಮುಚ್ಚಿಡದೆ, ಇಲ್ಲಿ ಬರೆಯುತ್ತೇವೆ. ನಮ್ಮಂತೆಯೇ ಪೇಚಿಗೆ ಸಿಕ್ಕಿರುವ ಗೃಹಸ್ಥರಿಗೂ ಗೃಹಿಣಿಯರಿಗೂ ಇದು ಉಪಯೋಗಕ್ಕೆ ಬಂದೀತೆಂದು ಆಶಿಸುತ್ತೇವೆ.

ಆಯುಧದ ಸ್ವರೂಪ

ಏರ್ ಪಿಸ್ತೂಲಿನಲ್ಲಿ ಮದ್ದು ಇಲ್ಲ, ಬೆಂಕಿ ಇಲ್ಲ, ಹೊಗೆ ಇಲ್ಲ. ಒತ್ತಿ ತುಂಬಿದ ಗಾಳಿಯೇ ಅದರ ಬಲ. ಪೆಲೆಟ್ ಎಂದು ಕರೆಯುವ ಅದರ ಗುಂಡು ಸೀಸದ್ದು, ಅಡ್ಡಗಲ 4.5 ಮಿಲಿಮೀಟರು, ತೂಕ ಸುಮಾರು ಅರ್ಧ ಗ್ರಾಂ. ಸ್ಪರ್ಧೆಯ ಗುಂಡಿನ ಮೂತಿ ಚಪ್ಪಟೆಯಾಗಿರುವುದರಿಂದ ಕಾಗದದಲ್ಲಿ ಚೊಕ್ಕವಾದ ದುಂಡುತೂತು ಬೀಳುತ್ತದೆ. ಗುರಿಗೂ ನಿಲ್ಲುವ ಗೆರೆಗೂ 10 ಮೀಟರು ಅಂತರ. ಹತ್ತು ಅಂಕದ ನಡುವೃತ್ತದ ಅಡ್ಡಗಲ 11.5 ಮಿಲಿಮೀಟರು ಮಾತ್ರ. ಅಂಗಿಯ ಗುಂಡಿಯಷ್ಟು ಎನ್ನಬಹುದು. ಪಿಸ್ತೂಲನ್ನು ಒಂದೇ ಕೈಯಲ್ಲಿ, ಯಾವ ಆಸರೆಯೂ ಇಲ್ಲದೆ ಹಿಡಿಯತಕ್ಕದ್ದು. 75 ನಿಮಿಷಗಳೊಳಗೆ 60 ಗುಂಡುಗಳನ್ನು ಹೊಡೆಯಬೇಕು.

ಮದ್ದಿಲ್ಲವೆಂದ ಮಾತ್ರಕ್ಕೆ ಇದು ಆಟಿಕೆಯೆಂದು ಯಾರೂ ಭಾವಿಸಕೂಡದು. ನಳಿಗೆಯಿಂದ ಹೊರಡುವ ಗುಂಡು ಸೆಕೆಂಡಿಗೆ ಸುಮಾರು 150 ಮೀಟರು ವೇಗದಲ್ಲಿ ಓಡುತ್ತದೆ. ಹತ್ತಿರದಿಂದ ತಗುಲಿದರೆ ಚರ್ಮವನ್ನು ಸೀಳೀತು. ಕಣ್ಣಿಗೆ ತಗುಲಿದರೆ ಕಣ್ಣೇ ಹೋದೀತು. ಬಾಯಿಂದ ಹೊರಟ ಮಾತೂ ಬಿಲ್ಲಿನಿಂದ ಹೊರಟ ಬಾಣವೂ ತಿರುಗಿ ಬಾರವೆಂಬ ಹಿರಿಯರ ನುಡಿಗೆ ಈ ಅರ್ಧ ಗ್ರಾಂ ಸೀಸವೂ ಒಳಪಟ್ಟಿದೆ.

ನಮ್ಮ ದೇಶದ 2016ರ ಆಯುಧ ನಿಯಮಗಳಂತೆ, 4.5 ಮಿಲಿಮೀಟರನ್ನು ಮೀರದ ಹಾಗೂ 20 ಜೂಲ್ ಶಕ್ತಿಯನ್ನು ಮೀರದ ಗಾಳಿಯ ಆಯುಧಕ್ಕೆ ಪರವಾನಗಿ ಬೇಕಿಲ್ಲ. ಆದರೂ ಅಧಿಕೃತ ವ್ಯಾಪಾರಿಯಿಂದಲೇ ಕೊಂಡು ರಶೀದಿಯನ್ನು ಜೋಪಾನವಾಗಿಡುವುದೂ, ಹೊರಗೆ ಒಯ್ಯುವಾಗ ಪೆಟ್ಟಿಗೆಯಲ್ಲಿ ಮುಚ್ಚಿ ಒಯ್ಯುವುದೂ ವಿವೇಕ. ದೂರದಿಂದ ನೋಡುವವರಿಗೆ ಯಾವುದು ಗಾಳಿಯ ಪಿಸ್ತೂಲು, ಯಾವುದು ಮದ್ದಿನದೆಂದು ತಿಳಿಯದು.

ಮನೆಯಲ್ಲಿ ಎಡೆ

10 ಮೀಟರು ಎಂದರೆ ಸುಮಾರು 33 ಅಡಿ. ಮೂವತ್ತು ನಲವತ್ತರ ನಿವೇಶನದಲ್ಲಿ ಕಟ್ಟಿದ ಮನೆಗಳಲ್ಲಿ ಇಷ್ಟು ನೀಳವಾದ ಕೊಠಡಿ ಎಲ್ಲಿಂದ ಬರಬೇಕು? ಬಾಗಿಲುಗಳೆಲ್ಲ ಒಂದೇ ಸಾಲಿನಲ್ಲಿರುವ ಹಳೆಯ ಮನೆಗಳಲ್ಲಿ ನಡುಮನೆಯಿಂದ ಹಿತ್ತಿಲವರೆಗೆ ಎಡೆ ಸಿಕ್ಕೀತು. ಆದರೆ ಆ ಸಾಲಿನಲ್ಲಿಯೇ ಮನೆಯವರೆಲ್ಲ ಓಡಾಡುವರು. ಅಡಿಗೆಮನೆಯಿಂದ ಒಬ್ಬರು ಇಣುಕಿದರೂ ಸಾಕು, ಅನಾಹುತವಾದೀತು. ಆದಕಾರಣ ದೂರದ ಆಸೆಯನ್ನು ಬಿಟ್ಟು, ಒಂದೇ ಬಾಗಿಲುಳ್ಳ ಕೊಠಡಿಯನ್ನು ಆರಿಸಿಕೊಳ್ಳುವುದು ಲೇಸು. ಆ ಬಾಗಿಲು ಗುಂಡು ಹೊಡೆಯುವವರ ಬೆನ್ನ ಹಿಂದೆ ಇರಬೇಕು. ಗುರಿಯ ಮಗ್ಗುಲಲ್ಲಿ ಬಾಗಿಲಾಗಲಿ, ಕಿಟಕಿಯಾಗಲಿ, ಕನ್ನಡಿಯಾಗಲಿ ಇರಕೂಡದು. ಮನೆಯ ಮಾಳಿಗೆಯ ಮೇಲೆ ಅಭ್ಯಾಸ ಮಾಡುತ್ತೇವೆಂಬ ಮಾತನ್ನು ಎತ್ತಲೇಬಾರದು. ಅಲ್ಲಿ ತಪ್ಪಿದ ಗುಂಡು ನೆರೆಯವರ ಅಂಗಳದಲ್ಲಿ ಬೀಳುವುದು.

ನಮಗೆ ದೊರೆತದ್ದು 5 ಮೀಟರು. ಅರ್ಧ ದೂರಕ್ಕೆ ಅರ್ಧ ಗಾತ್ರದ ಗುರಿ ಹಾಕಿದರೆ ಕಣ್ಣಿಗೆ ಎರಡೂ ಒಂದೇ. ಸ್ಪರ್ಧೆಯ ಕಾಗದದಲ್ಲಿ ಕಪ್ಪುಭಾಗದ ಅಡ್ಡಗಲ 59.5 ಮಿಲಿಮೀಟರು, ನಮ್ಮ ಗೋಡೆಯ ಮೇಲೆ ಅದು 30. ಎತ್ತರವನ್ನೂ ಲೆಕ್ಕ ಹಾಕಬೇಕು. ಸ್ಪರ್ಧೆಯಲ್ಲಿ ಗುರಿಯ ನಡುವು ನೆಲದಿಂದ 140 ಸೆಂಟಿಮೀಟರು ಎತ್ತರದಲ್ಲಿರುತ್ತದೆ. ನಮ್ಮ ಹುಡುಗಿಯ ಕಣ್ಣಿನ ಎತ್ತರ 150. ಅರ್ಧ ದಾರಿಯಲ್ಲಿ ನೋಟದ ಗೆರೆ 145ರಲ್ಲಿ ಹಾಯುವುದರಿಂದ ಅಲ್ಲಿಯೇ ಗುರಿಯನ್ನು ತೂಗಹಾಕಿದೆವು. ಹೀಗೆ ಮಾಡಿದರೆ ತೋಳು ತರಬೇತಿಯ ಸ್ಥಳದಲ್ಲಿ ಕಲಿತ ಏರನ್ನು ಮರೆಯುವುದಿಲ್ಲ.

ಗುಂಡನ್ನು ನುಂಗುವ ಪೆಟ್ಟಿಗೆಯಿಲ್ಲದೆ ಒಂದು ಗುಂಡನ್ನೂ ಹೊಡೆಯಬಾರದು. ದಪ್ಪ ಉಕ್ಕಿನ ತಗಡನ್ನು ಕೆಳಮುಖವಾಗಿ ಓರೆಯಾಗಿ ಕೂರಿಸಿದ ಪೆಟ್ಟಿಗೆಗಳು ಅಂಗಡಿಯಲ್ಲಿಯೇ ದೊರೆಯುತ್ತವೆ; ಗುಂಡು ತಗಡಿಗೆ ಬಡಿದು ತಳಕ್ಕೆ ಬೀಳುತ್ತದೆ. ಪೆಟ್ಟಿಗೆಯನ್ನೂ ತಪ್ಪಿದ ಗುಂಡಿಗಾಗಿ ನಾವು ಅದರ ಹಿಂದೆ ದಪ್ಪನೆಯ ಕಂಬಳಿಯನ್ನು ಸಡಿಲವಾಗಿ ಇಳಿಬಿಟ್ಟೆವು. ಬಿಗಿದ ಬಟ್ಟೆಯಿಂದ ಗುಂಡು ಪುಟಿಯಬಹುದು. ಸಡಿಲ ಕಂಬಳಿಯಲ್ಲಿ ಅದರ ವೇಗವೆಲ್ಲ ಅಡಗಿಹೋಗುವುದು. ಉಕ್ಕಿನ ದುಂಡುಗುಂಡುಗಳನ್ನು ಮನೆಯೊಳಗೆ ಎಂದೂ ಬಳಸಕೂಡದು, ಅವು ಬಡಿದಲ್ಲಿಂದ ಹಿಂದಕ್ಕೇ ಹಾರುತ್ತವೆ. ಹೊಡೆಯುವವರೂ ಹತ್ತಿರ ನಿಂತು ನೋಡುವವರೂ ರಕ್ಷಣೆಯ ಕನ್ನಡಕವನ್ನು ಧರಿಸತಕ್ಕದ್ದು. ದೀಪದ ಬೆಳಕು ಗುರಿಯ ಮೇಲೆ ಚೆನ್ನಾಗಿ ಬೀಳಬೇಕು. ಹೊಡೆಯುವವರ ಕಣ್ಣಿಗೆ ಕುಕ್ಕಬಾರದು. ಉಳಿದ ಕೊಠಡಿಯೂ ಕತ್ತಲಾಗಿರಬಾರದು.

ಒಣ ಅಭ್ಯಾಸ

ಇಷ್ಟೆಲ್ಲ ಸಿದ್ಧತೆ ಮಾಡಿದ ಮೇಲೆ ತರಬೇತಿಯ ಗುರುಗಳು ಹೇಳಿದ ಮಾತನ್ನು ಕೇಳಿ ನಮಗೆ ಆಶ್ಚರ್ಯವಾಯಿತು. ಮನೆಯಲ್ಲಿ ವಾರಕ್ಕೆ ಒಂದು ದಿನ ಮಾತ್ರ ಗುಂಡು ಸಾಕು. ಉಳಿದ ದಿನಗಳಲ್ಲಿ ಗುಂಡಿಲ್ಲದೆ ಅಭ್ಯಾಸ ನಡೆಯಲಿ, ಎಂದರು. ಇದಕ್ಕೆ ಒಣ ಅಭ್ಯಾಸವೆಂದು ಹೆಸರು. ಅರ್ಜುನನ ಕತ್ತಲೆಯ ಸಾಧನೆಗೆ ಇದಕ್ಕಿಂತ ಸಮೀಪವಾದದ್ದು ಇನ್ನಿಲ್ಲ. 2020ರಲ್ಲಿ ಕೊರೋನಾ ಹಾವಳಿಯಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ನಮ್ಮ ಹೆಸರಾಂತ ಗುರಿಕಾರರೂ ಮನೆಯ ಗೋಡೆಗೆ ಎದುರಾಗಿ ನಿಂತೇ ಕೈಯನ್ನು ಹದದಲ್ಲಿಟ್ಟುಕೊಂಡರು.

ಒಂದು ಎಚ್ಚರಿಕೆ: ಸ್ಪರ್ಧೆಗೆಂದು ಮಾಡಿದ ಪಿಸ್ತೂಲುಗಳಲ್ಲಿ ಗಾಳಿ ಖರ್ಚಾಗದೆ ಟ್ರಿಗರ್ ಮಾತ್ರ ಆಡುವಂತೆ ಒಂದು ಸನ್ನೆಯಿರುತ್ತದೆ. ಸ್ಪ್ರಿಂಗಿನ ಬಲದಿಂದ ನಡೆಯುವ ಸಾಮಾನ್ಯ ಪಿಸ್ತೂಲುಗಳನ್ನು ಗುಂಡಿಲ್ಲದೆ ಹಾರಿಸಿದರೆ ಒಳಗಣ ಕೊಂತ ಬಡಿದು ಕೆಡುತ್ತದೆ. ಅಂಥವನ್ನು ಒಣ ಅಭ್ಯಾಸಕ್ಕೆ ಬಳಸಬಾರದು.

ಅಭ್ಯಾಸದ ಕ್ರಮ ಹೀಗಿದೆ. ಮೊದಲು ಪಾದಗಳು. ಭುಜದಗಲಕ್ಕೆ ಕಾಲುಗಳನ್ನಿಟ್ಟು, ಗುರಿಗೆ ಮಗ್ಗುಲಾಗಿ ನಿಂತು, ಬಿಡುಗೈಯನ್ನು ಜೇಬಿನಲ್ಲಿಯೋ ಸೊಂಟದ ಪಟ್ಟಿಯಲ್ಲಿಯೋ ಸಿಕ್ಕಿಸಬೇಕು. ಪ್ಯಾರಿಸ್ ಕೂಟದಲ್ಲಿ ತುರ್ಕಿ ದೇಶದ ಯೂಸುಫ್ ದಿಕೆಚ್ ಅವರು ಕೈಯನ್ನು ಜೇಬಿನಲ್ಲಿಟ್ಟು ನಿಂತ ಚಿತ್ರವನ್ನು ವಾಚಕರು ನೋಡಿರಬಹುದು. ಅದನ್ನು ಠೀವಿಯೆಂದು ಮೆಚ್ಚಿದವರು ಬಹಳ. ಅಲುಗುವ ಕೈಯೊಂದನ್ನು ಕಟ್ಟಿಹಾಕುವ ಉಪಾಯವೆಂದು ತಿಳಿದವರು ಕೆಲವರು.

ಅನಂತರ ಕಣ್ಣು ಮುಚ್ಚಿಕೊಂಡು ತೋಳನ್ನು ಎತ್ತಿ, ಸುಖವಾಗಿ ನಿಂತ ಕಡೆ ನಿಲ್ಲಿಸಿ, ಕಣ್ಣು ತೆರೆಯಬೇಕು. ಪಿಸ್ತೂಲು ಗುರಿಯ ಎಡಕ್ಕೋ ಬಲಕ್ಕೋ ತೋರುತ್ತಿದ್ದರೆ ಕೈಯನ್ನು ತಿದ್ದಬಾರದು; ಪಾದವನ್ನು ತಿದ್ದಬೇಕು. ಕೈಯನ್ನು ಎಳೆದು ತಂದರೆ ಸ್ನಾಯುವು ತನ್ನ ಜಾಗಕ್ಕೆ ಮರಳಲು ಹೊಂಚುಹಾಕುತ್ತಲೇ ಇರುತ್ತದೆ. ಈ ಒಂದು ಮಾತನ್ನು ಹುಡುಗಿಯು ಗ್ರಹಿಸಲು ಎರಡು ತಿಂಗಳು ಹಿಡಿಯಿತು.

ಮೂರನೆಯದು ತಾಳಿಕೆ. ಪಿಸ್ತೂಲು ಹೆಚ್ಚು ಕಡಿಮೆ ಒಂದು ಕಿಲೋಗ್ರಾಂ ತೂಗುತ್ತದೆ. ಖಾಲಿ ಬಿಳಿಯ ಗೋಡೆಗೆ ಎದುರಾಗಿ ಅದನ್ನೆತ್ತಿ, ಹತ್ತು ಸೆಕೆಂಡು ಹಿಡಿದು, ಇಳಿಸಿ, ಒಂದು ನಿಮಿಷ ವಿಶ್ರಮಿಸಿ, ಮತ್ತೆ ಎತ್ತಬೇಕು. ಹೀಗೆ ಹತ್ತು ಹದಿನೈದು ಸಲ. ಪಿಸ್ತೂಲು ಕೊಳ್ಳದವರೂ ಇದನ್ನು ಆರಂಭಿಸಬಹುದು. ಒಂದು ಲೀಟರು ನೀರು ತುಂಬಿದ ಸೀಸೆಯ ತೂಕವೂ ಅಷ್ಟೇ. ತಿಂಗಳೊಂದು ಸೀಸೆಯನ್ನೆತ್ತಿ ಬೇಸರಪಡದ ಮಗುವಿಗೆ ಪಿಸ್ತೂಲು ಕೊಡಿಸುವ ಯೋಚನೆ ಮಾಡಬಹುದು. ಬೇಸತ್ತರೆ ಹಣವಾದರೂ ಉಳಿಯಿತು.

ನೋಟ ಎಲ್ಲಿರಬೇಕು?

ದ್ರೋಣಾಚಾರ್ಯರು ಶಿಷ್ಯರನ್ನು ಪರೀಕ್ಷಿಸಿದಾಗ ಅರ್ಜುನನಿಗೆ ಹಕ್ಕಿಯಲ್ಲದೆ ಬೇರೇನೂ ಕಾಣಿಸಲಿಲ್ಲವೆಂಬುದು ಪ್ರಸಿದ್ಧವಾದ ಕಥೆ. ಪಿಸ್ತೂಲಿನ ವಿದ್ಯೆಯು ಇಲ್ಲಿ ಬೇರೆ ದಾರಿ ಹಿಡಿಯುತ್ತದೆ. ನಳಿಗೆಯ ತುದಿಯಲ್ಲಿ ಒಂದು ಸಣ್ಣ ಗೂಟವೂ, ಹಿಂಭಾಗದಲ್ಲಿ ಚೌಕನೆಯ ಕಚ್ಚುಳ್ಳ ತಗಡೂ ಇರುತ್ತವೆ; ಇವಕ್ಕೆ ಮುಂದಿನ ಸೈಟು, ಹಿಂದಿನ ಸೈಟು ಎನ್ನುವರು. ಕಚ್ಚಿನ ನಡುವೆ ಗೂಟವು ಎರಡು ಕಡೆಯೂ ಸಮವಾಗಿ ಬೆಳಕು ಬಿಟ್ಟು ನಿಲ್ಲಬೇಕು. ಕಣ್ಣಿನ ನೋಟವು ಗೂಟದ ಮೇಲೆಯೇ ನಿಂತಿರಬೇಕು. ಗುರಿಯು ಮಸುಕಾಗಿ ಕಂಡರೆ ಕಾಣಲಿ.

ಕಾರಣವು ಸರಳವಾದ ಲೆಕ್ಕ. ಎರಡು ಸೈಟುಗಳ ನಡುವಣ ಅಂತರ ಸುಮಾರು 33 ಸೆಂಟಿಮೀಟರು. ಗುರಿಯ ದೂರ ಅದರ ಮೂವತ್ತು ಪಾಲು. ಮುಂದಿನ ಗೂಟವು ಕಚ್ಚಿನಲ್ಲಿ ಒಂದು ಮಿಲಿಮೀಟರು ಸರಿದರೆ, ಗುಂಡು ಗುರಿಯಲ್ಲಿ ಮೂವತ್ತು ಮಿಲಿಮೀಟರು ಸರಿಯುತ್ತದೆ. ಹತ್ತು ಹೋಗಿ ಏಳು ಬರುತ್ತದೆ. ತೋಳೆಲ್ಲ ಒಟ್ಟಾಗಿ ಒಂದು ಮಿಲಿಮೀಟರು ಅತ್ತಿತ್ತ ಅಲುಗಿದರೆ ಗುಂಡೂ ಸುಮಾರು ಅಷ್ಟೇ ಸರಿಯುವುದರಿಂದ ಹಾನಿ ಅತ್ಯಲ್ಪ. ಕೈ ನಡುಗುವುದೆಂದು ಅಳುವ ಮಕ್ಕಳಿಗೆ ಇದನ್ನು ತಿಳಿಸಿ ಹೇಳಬೇಕು. ಕೈ ಎಲ್ಲರಿಗೂ ನಡುಗುತ್ತದೆ. ನಡುಗುತ್ತಿರುವಾಗಲೇ ಸೈಟುಗಳನ್ನು ಸಮವಾಗಿಟ್ಟು, ಬೆರಳನ್ನು ಮೆಲ್ಲಗೆ ಹಿಂದಕ್ಕೆ ಒತ್ತುವುದೇ ವಿದ್ಯೆ. ಸ್ಪರ್ಧೆಯ ಪಿಸ್ತೂಲಿನ ಟ್ರಿಗರ್ 500 ಗ್ರಾಂ ತೂಕವನ್ನಾದರೂ ತಡೆಯಬೇಕೆಂಬುದು ನಿಯಮ. ಆ ಅರ್ಧ ಕಿಲೋ ಒತ್ತಡವನ್ನು ಸೈಟು ಕದಲದಂತೆ ಏರಿಸುವುದನ್ನು ಬೆರಳಿಗೆ ಕಲಿಸಲು ಗುಂಡು ಬೇಕಿಲ್ಲ. ಗುಂಡಿಲ್ಲದಾಗ ಸದ್ದಿಲ್ಲ, ಅಂಕವಿಲ್ಲ. ಆದಕಾರಣ ಬೆರಳು ಮಾಡುವ ಮೋಸವು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ.

ಇನ್ನೊಂದು ಪಾಠವನ್ನು ಎಲ್ಲಕ್ಕಿಂತ ಮೇಲಾಗಿ ಎಣಿಸುತ್ತೇವೆ. ಪಿಸ್ತೂಲು ಗುರಿಯಲ್ಲಿ ನೆಲೆಸಿದ ಮೇಲೆ ಏಳೆಂಟು ಸೆಕೆಂಡುಗಳೊಳಗೆ ಗುಂಡು ಹೋಗದಿದ್ದರೆ ಹೊಡೆಯಬಾರದು, ಇಳಿಸಬೇಕು. ಉಸಿರು ಸಾಲದೆ ಕಣ್ಣು ದಣಿದ ಮೇಲೆ ಹಟದಿಂದ ಹಾರಿಸಿದ ಗುಂಡು ಕೆಡುವುದೇ ಹೆಚ್ಚು. ಎತ್ತಿದ ಕೈಯನ್ನು ಇಳಿಸಲು ನಾಚಿಕೆಪಡದವರೇ ಈ ವಿದ್ಯೆಯಲ್ಲಿ ಮುಂದೆ ಬರುವರು.

ನಮ್ಮ ತಪ್ಪು

ಈಗ ಹೇಳಲು ಕಷ್ಟವಾದ ಸಂಗತಿಗೆ ಬರುತ್ತೇವೆ. ಆರನೆಯ ತಿಂಗಳ ಒಂದು ಭಾನುವಾರ ಹುಡುಗಿಯು ಗುಂಡಿನ ಅಭ್ಯಾಸದಲ್ಲಿದ್ದಳು. ನಾವು ಹತ್ತಿರ ಕುಳಿತು ನೋಡಿಕೊಳ್ಳತಕ್ಕದ್ದೆಂದು ಏರ್ಪಾಡು. ನಾವು ಪತ್ರಿಕೆಯನ್ನೋದುತ್ತ ಕುಳಿತಿದ್ದೆವು. ನೆಂಟರು ಬಂದರು. ಹುಡುಗಿಯು ಆಗತಾನೇ ತುಂಬಿದ್ದ ಪಿಸ್ತೂಲನ್ನು ಮೇಜಿನ ಮೇಲಿಟ್ಟು, ಒಂದೇ ನಿಮಿಷವೆಂದು ಎದ್ದು ಹೋದಳು. ನಾವೂ ಎದ್ದುಹೋದೆವು. ಒಂದು ನಿಮಿಷವು ಅರ್ಧ ಗಂಟೆಯಾಯಿತು. ನೆಂಟರು ಹೋದ ಮೇಲೆ, ಗುಂಡಿನ ಅಭ್ಯಾಸ ಮುಗಿಯಿತೆಂದುಕೊಂಡು, ಆಕೆ ಪಕ್ಕದ ಬಿಳಿಯ ಗೋಡೆಗೆ ತಿರುಗಿ ಒಣ ಅಭ್ಯಾಸಕ್ಕೆ ನಿಂತಳು. ಸನ್ನೆಯನ್ನು ತಿರುಗಿಸಿದ್ದೇನೆಂದು ಆಕೆ ನಂಬಿದ್ದಳು; ತಿರುಗಿಸಿರಲಿಲ್ಲ. ಬೆರಳೊತ್ತಿದಳು. ಗಾರೆ ಚಕ್ಕೆ ಹಾರಿತು. ಗೋಡೆಯಿಂದ ಪುಟಿದ ಸೀಸವು ನಮ್ಮ ತಂದೆಯವರ ಭಾವಚಿತ್ರದ ಗಾಜನ್ನು ಸೀಳಿತು.

ಆಕೆಯ ತಮ್ಮ, ನಾಲ್ಕು ವರ್ಷದ ಮಗು, ಅದಕ್ಕೆ ಸ್ವಲ್ಪ ಮುಂಚೆ ಅದೇ ಗೋಡೆಯ ಬುಡದಲ್ಲಿ ಕುಳಿತು ಬಣ್ಣದ ಕಡ್ಡಿಗಳನ್ನು ಜೋಡಿಸುತ್ತಿದ್ದನು. ಅಜ್ಜಿಯು ಅವನನ್ನು ತಿಂಡಿಗೆ ಕರೆದುಕೊಂಡು ಹೋಗಿದ್ದರು. ಕಡ್ಡಿಗಳು ಅಲ್ಲಿಯೇ ಹರಡಿಕೊಂಡಿದ್ದವು. ಹುಡುಗಿಯು ಪಿಸ್ತೂಲನ್ನು ಕೆಳಗಿಟ್ಟು, ಆ ಕಡ್ಡಿಗಳನ್ನು ನೋಡುತ್ತ ನಿಂತಳು. ಬಹಳ ಹೊತ್ತು ಮಾತನಾಡಲಿಲ್ಲ. ಯಾರೂ ಆಕೆಯನ್ನು ಬಯ್ಯಲಿಲ್ಲ. ಬಯ್ಯಿಸಿಕೊಳ್ಳಬೇಕಾಗಿದ್ದವರು ಪತ್ರಿಕೆಯನ್ನು ಓದುತ್ತಿದ್ದ ನಾವು.

ಪಿಸ್ತೂಲನ್ನು ಮಾರಿಬಿಡುವುದೆಂದು ಆ ರಾತ್ರಿ ನಿಶ್ಚಯಿಸಿದ್ದೆವು. ಬೇಡವೆಂದವರು ಅಜ್ಜಿ. “ಒಲೆ ಸುಟ್ಟಿತೆಂದು ಒಲೆಯನ್ನು ಒಡೆಯುತ್ತೀಯಾ? ಉರಿಯನ್ನು ನೋಡಿಕೊಳ್ಳುವವರು ಇರಬೇಕಪ್ಪ” ಎಂದರು. ಆ ದಿನದಿಂದ ನಮ್ಮ ಮನೆಯಲ್ಲಿ ನಡೆದುಬಂದಿರುವ ಕಟ್ಟಳೆಗಳು ಇವು:

ಒಣ ಅಭ್ಯಾಸದ ದಿನ ಗುಂಡಿನ ಡಬ್ಬಿಯು ಆ ಕೊಠಡಿಯೊಳಕ್ಕೆ ಬರತಕ್ಕದ್ದಲ್ಲ. ಒಂದೇ ದಿನದಲ್ಲಿ ಎರಡು ಬಗೆಯ ಅಭ್ಯಾಸವೂ ಕೂಡದು.

ಪಿಸ್ತೂಲು ಕೈಯಲ್ಲಿಲ್ಲದಾಗ ನಳಿಗೆಯ ತುದಿಯಿಂದ ಗುಂಡು ತುಂಬುವ ಕಂಡಿಯವರೆಗೆ ಹಾಯುವ ಬಣ್ಣದ ದಾರವಿರಬೇಕು. ದಾರ ಕಂಡರೆ ಒಳಗೆ ಗುಂಡಿಲ್ಲವೆಂದು ಅರ್ಥ. ಸ್ಪರ್ಧೆಗಳಲ್ಲಿಯೂ ಇದು ಕಡ್ಡಾಯ.

ಆರಂಭಿಸುವ ಮುನ್ನ ಪಿಸ್ತೂಲು ಖಾಲಿಯಿರುವುದನ್ನು ಮನೆಯ ಮತ್ತೊಬ್ಬರು ಕಣ್ಣಾರೆ ನೋಡಬೇಕು. ಒಣ ಅಭ್ಯಾಸದಲ್ಲಿಯೂ ನಳಿಗೆಯು ಪೆಟ್ಟಿಗೆಯ ಕಡೆಗೇ ಇರಬೇಕು. ಬಿಳಿಗೋಡೆ ಬೇಕಾದರೆ ಪೆಟ್ಟಿಗೆಯ ಮುಂದೆ ಬಿಳಿಯ ಹಾಳೆಯನ್ನು ತೂಗಹಾಕಿದರೆ ಸಾಕು.

ಯಾರು ಕರೆದರೂ, ತುಂಬಿದ ಗುಂಡನ್ನು ಪೆಟ್ಟಿಗೆಗೆ ಹಾರಿಸಿ ದಾರವನ್ನು ಹಾಕಿದ ಮೇಲೆಯೇ ಹೊರಡತಕ್ಕದ್ದು. ಹಿರಿಯರೊಬ್ಬರು ಹತ್ತಿರವಿಲ್ಲದೆ ಪಿಸ್ತೂಲು ಪೆಟ್ಟಿಗೆಯಿಂದ ಹೊರಬರಕೂಡದು; ಆ ಹಿರಿಯರ ಕೈಯಲ್ಲಿ ಪತ್ರಿಕೆಯೂ ಇರಕೂಡದು.

ಸೀಸದ ಕೇಡು

ಗುಂಡಿನ ಪೆಟ್ಟಿಗಿಂತ ಮೆಲ್ಲಗೆ ಬರುವ ಇನ್ನೊಂದು ಅಪಾಯವುಂಟು. ಸೀಸವು ವಿಷ. ರಕ್ತದಲ್ಲಿ ಇಷ್ಟಿದ್ದರೆ ನಿರಪಾಯವೆಂದು ಹೇಳಬಹುದಾದ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿದೆ. ಬಾಯಿಂದ ಒಳಹೊಕ್ಕ ಸೀಸವನ್ನು ಎಳೆಯ ಮಕ್ಕಳ ದೇಹವು ದೊಡ್ಡವರಿಗಿಂತ ನಾಲ್ಕೈದು ಪಾಲು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಅದರ ಕೇಡು ಮಿದುಳಿನ ಬೆಳವಣಿಗೆಗೆ ತಟ್ಟುತ್ತದೆ. ಆದಕಾರಣ ಗುಂಡನ್ನು ಮುಟ್ಟಿದ ಕೈಯಿಂದ ತಿಂಡಿಯನ್ನು ಮುಟ್ಟಬಾರದು, ಗುಂಡನ್ನು ಬಾಯಲ್ಲಿಟ್ಟುಕೊಳ್ಳಬಾರದು. ಅಭ್ಯಾಸ ಮುಗಿದೊಡನೆ ಕೈಯನ್ನೂ ಮುಖವನ್ನೂ ಸಾಬೂನಿನಿಂದ ತೊಳೆಯಬೇಕು. ಪೆಟ್ಟಿಗೆಯ ಸುತ್ತ ಕಸಪೊರಕೆಯಿಂದ ಗುಡಿಸಿದರೆ ಧೂಳು ಮನೆಯೆಲ್ಲ ಹರಡುವುದು. ಒದ್ದೆ ಬಟ್ಟೆಯಿಂದ ಒರಸಿ, ಆ ಬಟ್ಟೆಯನ್ನು ಬೇರೆ ಕೆಲಸಕ್ಕೆ ಬಳಸದೆ ಪ್ರತ್ಯೇಕವಾಗಿಡಬೇಕು. ಗರ್ಭಿಣಿಯರೂ ಕೂಸುಗಳೂ ಆ ಕೊಠಡಿಗೆ ಬಾರದಿರುವುದು ಕ್ಷೇಮ. ಸೀಸವಿಲ್ಲದ ಗುಂಡುಗಳೂ ದೊರೆಯುತ್ತವೆ. ಬೆಲೆ ಹೆಚ್ಚಾದರೂ ಚಿಕ್ಕ ಮಕ್ಕಳಿರುವ ಮನೆಗೆ ಅವು ಮೇಲು.

ಫಲವೇನು?

ಆಡಾಡುತ್ತ ರಾಗವೆಂಬಂತೆ ಹುಡುಗಿಯ ಕೈ ಈಗ ಬಹುಮಟ್ಟಿಗೆ ಪಳಗಿದೆ. ಆಕೆ ಪದಕವನ್ನೇನೂ ತಂದಿಲ್ಲ. ತರುವಳೆಂದು ನಾವು ಬರೆಯುವುದೂ ಇಲ್ಲ. ಮುಂಚೆ ಒಂದು ಮಾತಿಗೆ ನಾಲ್ಕು ಮಾತು ಆಡುತ್ತಿದ್ದವಳು ಈಗ ಒಮ್ಮೊಮ್ಮೆ ಬಾಯಿ ತೆರೆದು, ಯೋಚಿಸಿ, ಸುಮ್ಮನಾಗುವುದನ್ನು ಕಂಡಿದ್ದೇವೆ. ಎತ್ತಿದ ಕೈಯನ್ನು ಇಳಿಸಲು ಕಲಿತವರಿಗೆ ಎತ್ತಿದ ದನಿಯನ್ನು ಇಳಿಸುವುದೂ ಬಂದೀತೆಂದು ತೋರುತ್ತದೆ.

ಭಾವಚಿತ್ರದ ಒಡೆದ ಗಾಜನ್ನು ನಾವು ಬದಲಾಯಿಸಿಲ್ಲ. ಪಿಸ್ತೂಲಿನ ಪೆಟ್ಟಿಗೆಯ ಬೀಗದ ಕೈ ಅಜ್ಜಿಯ ಸೊಂಟದಲ್ಲಿರುತ್ತದೆ. ಪ್ರತಿದಿನ ಸಂಜೆ ದೀಪ ಹಚ್ಚಿದ ಮೇಲೆ ಅವರೇ ಬಂದು ಬೀಗ ತೆಗೆದು, ಕನ್ನಡಕವನ್ನೇರಿಸಿ, ಹಳದಿಯ ದಾರವನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿ, “ಹೂಂ, ಎತ್ತು” ಎನ್ನುವರು. ಸೂಜಿಯ ಮಾತನ್ನು ಅವರು ಮತ್ತೆ ಎತ್ತಿಲ್ಲ. ಹೀಗೆ ನೋಡಿಕೊಳ್ಳುವ ಒಬ್ಬ ಹಿರಿಯರು ಇರುವ ಮನೆಯಲ್ಲಿ ಮಕ್ಕಳು ಪಿಸ್ತೂಲು ಬೇಕೆಂದು ಕೇಳಿದರೆ ಕೊಡಿಸಬಹುದು. ಇಲ್ಲದ ಮನೆಯಲ್ಲಿ ನೀರಿನ ಸೀಸೆಯೇ ಸಾಕು.